ಮೂರನೆಯ ಗುಂಡಿ

"ಇದ ಕಡೀ ಗುಂಡಿ ನೋಡ್ರಿ. ಇನ್ನೊಂದ ಸಲ ನಮ್ಮ ಓಣಿ ಅಗದ್ರಿ ಅಂದ್ರ ಗುದ್ದಲಿ ಕಸ್ಗೋತೀವಿ!" ಎಂದು ಗುರುಸಿದ್ದವ್ವ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡೇ ಅಬ್ಬರಿಸಿದಳು. ಬೆಳಗಿನ ಐದು ಗಂಟೆ. ಆಟೋಗಳ ಸದ್ದು ಇನ್ನೂ ಎದ್ದಿರಲಿಲ್ಲ. ಜೋರಾಪುರ ಪೇಟೆಯ ಆ ಓಣಿ ನೀರು ಕಂಡು ಒಂಬತ್ತು ದಿನವಾಗಿತ್ತು. ನೆಲದೊಳಗೆ ಎಲ್ಲೋ ಪೈಪು ಒಡೆದು, ಬಿಟ್ಟ ನೀರೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಅಗೆದ ಎರಡು ಗುಂಡಿಗಳೂ ಒಣ ಒಣ.

ಗೊಲ್ಲಾಳಪ್ಪ ತಲೆ ತಗ್ಗಿಸಿ ನಿಂತಿದ್ದ. ಮೂವತ್ತೊಂದು ವರ್ಷದಿಂದ ಪೇಟೆಗೆ ನೀರು ಬಿಡುವವನು ಅವನೇ. ನೆಲಕ್ಕೆ ಕಬ್ಬಿಣದ ಸಲಾಕೆ ಊರಿ, ತುದಿಗೆ ಕಿವಿ ಹಚ್ಚಿ, ಸೋರುವ ಸದ್ದು ಹಿಡಿದು ಇಂಥಲ್ಲೇ ಅಗೆಯಿರಿ ಎನ್ನುತ್ತಿದ್ದ. ಒಂದು ಮೊಳವೂ ತಪ್ಪುತ್ತಿರಲಿಲ್ಲ. ಆ ಕಿವಿ ಮಂದವಾಗಿ ವರ್ಷವಾಗಿತ್ತು, ಹೆಂಡತಿಗೂ ಹೇಳಿರಲಿಲ್ಲ. ಎರಡೂ ಗುಂಡಿಗೆ ಜಾಗ ತೋರಿಸಿದವನು ಅವನೇ, ಬರೀ ಅಂದಾಜಿನ ಮೇಲೆ.

ಬೈಗುಳ ಮಾತ್ರ ಮೃಣಾಲಳ ಪಾಲಿಗೆ ಬಂದಿತ್ತು. ಇಪ್ಪತ್ನಾಲ್ಕರ ಇಂಜಿನಿಯರು, ಕೆಲಸಕ್ಕೆ ಸೇರಿ ಮೂರೇ ತಿಂಗಳು. "ಮೊಬೈಲ್ ನೋಡಿ ಕಲ್ತ ಹುಡುಗ್ಯಾರಿಗೆ ಏನ ತಿಳೀತೈತಿ?" ಎಂದು ಓಣಿಯೆಲ್ಲ ಆಡಿಕೊಂಡಿತ್ತು. ಆ ಮಾತನ್ನು ಮೊದಲು ಹುಟ್ಟುಹಾಕಿದವನೂ ಗೊಲ್ಲಾಳಪ್ಪನೇ. ಅವಳೋ ಒಮ್ಮೆಯೂ ಅವನತ್ತ ಬೆರಳು ತೋರಿಸಿರಲಿಲ್ಲ. "ಅಗಿಸಿದಾಕಿ ನಾನ್ರಿ, ತಪ್ಪು ನಂದ," ಎಂದಷ್ಟೇ ಅಂದಿದ್ದಳು. ಎಂಥ ಗಟ್ಟಿ ಜೀವ! ನಿನ್ನೆ ಅವನು ನಾಚಿಕೆಯಿಂದ ರೊಟ್ಟಿ ಬಿಟ್ಟು ಎದ್ದಿದ್ದ.

ಈಗ ಅವಳು ಮಂಡಿಯೂರಿ ಸಲಾಕೆಗೆ ಕಿವಿ ಹಚ್ಚಿದ್ದಳು. ಅಲ್ಲಿ ಇಲ್ಲಿ ಊರಿ, ಉಸಿರು ಬಿಗಿಹಿಡಿದು ಕೇಳಿ, ಕೊನೆಗೆ ಬೇವಿನ ಗಿಡದ ಹತ್ತಿರ ಸೀಮೆಸುಣ್ಣದ ಗೆರೆ ಎಳೆದಳು.

"ಇಲ್ಲೇ ಅದ ರೀ ಕಾಕಾ. ನೀವೂ ಒಮ್ಮೆ ಕೇಳ್ರಿ."

"ಆಕಿ ಮಾತ ಬಿಡೋ ಗೊಲ್ಲಾಳಪ್ಪ," ಎಂದಳು ಗುರುಸಿದ್ದವ್ವ. "ನೀ ಹೇಳಿದ್ರ ಅಷ್ಟ ಅಗ್ಯಾಕ ಬಿಡ್ತೀವಿ."

ಅವನು ಕಿವಿ ಹಚ್ಚಿದ. ಏನೂ ಇಲ್ಲ. ಹೂಂ ಎಂದು ತಲೆ ಆಡಿಸಿದ್ದರೆ ಸಾಕಿತ್ತು. ನೀರು ಸಿಕ್ಕರೆ ಹೆಸರು ಅವನದು, ಸಿಗದಿದ್ದರೆ ಬೈಗುಳ ಅವಳದು.

"ನನಗ ಕೇಳಂಗಿಲ್ಲ ಬೇ ಯವ್ವಾ," ಎಂದ. "ಕಿವಿ ಹೋಗಿ ವರ್ಸಾತು. ಆ ಎರಡೂ ಗುಂಡಿ ನಾನ ತೋರ್ಸಿದ್ದು. ಈ ಹುಡುಗಿ ನನ್ನ ಸಲುವಾಗಿ ಬೈಸ್ಗೊಂಡಾಳ. ನಾ ಹಿಂದಕ್ಕ ಹೆಂಗ ಕೇಳತಿದ್ನೋ ಹಂಗ ಕೇಳ್ಯಾಳ ನೋಡ್ರಿ."

ಅಗೆಯುವ ಆಳು ಗುರುಸಿದ್ದವ್ವನ ಮುಖ ನೋಡಿದ. ಗೊಲ್ಲಾಳಪ್ಪ ಕಾಯಲಿಲ್ಲ, ಗುದ್ದಲಿ ತಾನೇ ಇಸಿದುಕೊಂಡು ಗೆರೆಯ ಮೇಲೆ ಹಾಕಿದ. ಸೊಂಟದವರೆಗೆ ಇಳಿಯುವ ಹೊತ್ತಿಗೆ ಮಣ್ಣು ಕಪ್ಪಾಯಿತು. ಇನ್ನೆರಡು ಏಟಿಗೆ ಪಾದ ತಣ್ಣಗಾದವು. ಮೇಲೆ ಜನ ಏನೋ ಕೂಗಾಡುತ್ತಿದ್ದರು. ಅವನು ತಲೆಯೆತ್ತಿದಾಗ ಗುರುಸಿದ್ದವ್ವ ಬಗ್ಗಿ, ಮೃಣಾಲಳ ಮಂಡಿಗೆ ಮೆತ್ತಿದ್ದ ಮಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.