ಡಿಕ್ಕಿಯ ಹಸಿರು ಬಣ್ಣ

2019ರ ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮಗಳು ಅಪ್ಪನ ಕಾರಿನ ಕೀಯನ್ನು ಐದನೆಯ ಸಲ ತಿರುಗಿಸಿದಳು. ಸ್ಟಾರ್ಟರ್ ಗರಗರ ಎಂದಿತು, ಎಂಜಿನ್ ಹತ್ತಲಿಲ್ಲ. ಹಿಂದೆ ನಿಂತಿದ್ದ ಶವದ ವ್ಯಾನಿನಲ್ಲಿ ಅಪ್ಪ ಮಲಗಿದ್ದರು. ಚಿತಾಗಾರದಲ್ಲಿ ಸರದಿ ಹತ್ತೂವರೆಗೆ.

“ಅಮ್ಮಾ, ಇಳಿ. ವ್ಯಾನಲ್ಲೇ ಹೋಗೋಣ.”

ಪಕ್ಕದ ಸೀಟಿನಲ್ಲಿದ್ದ ಅಮ್ಮ ಅಲುಗಲಿಲ್ಲ. “ಇಪ್ಪತ್ತೆರಡು ವರ್ಷ ಇದೇ ಡಬ್ಬದಲ್ಲಿ ಕೂರಿಸಿ ನಡುರಸ್ತೇಲಿ ಮಾನ ಕಳೆದ್ರು. ಇವತ್ತು ಬೇರೆ ಗಾಡಿ ಹತ್ತೋಕೆ ನಾನೇನು ಅವರಿಗೆ ಮೂರನೆಯವಳಾ? ಊರಿಗೆ ಉಪಕಾರಿ, ಮನೆಗೆ ಮಾರಿ! ಊರ ಕಾರಿಗೆಲ್ಲ ಕರೆಂಟ್ ಕೊಟ್ರು, ಇದೊಂದು ಬಿಟ್ಟು.”

ಸೋದರಮಾವ ಕಿಟಕಿಗೆ ಬಗ್ಗಿದರು. “ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಪಂಪ್ ಸುಟ್ಟಿರುತ್ತೆ ಕಣಮ್ಮ. ಹೊಸದು ತರಿಸ್ಲಾ?”

“ಅಳೀದೆ ಬಿಚ್ಚೋನು ಮೆಕ್ಯಾನಿಕ್ ಅಲ್ಲ ಮಾವ, ಗುಜರಿಯವನು.” ಅದು ಅಪ್ಪನ ಮಾತು, ಅವಳ ಬಾಯಿಗೆ ತಾನಾಗಿ ಬಂತು.

“ಅವರೊಬ್ಬರು ಸಾಲದು ಅಂತ ನೀನೊಬ್ಬಳು!” ಮಾವ ಹಣೆ ಚಚ್ಚಿಕೊಂಡರು.

ವ್ಯಾನಿನ ಚಾಲಕ ಕೈಗಡಿಯಾರ ತಟ್ಟಿ ತೋರಿಸಿದ. “ಸರದಿ ತಪ್ಪಿದ್ರೆ ನಾಳೇನೇ, ಅಕ್ಕಾ.”

ಅವಳು ಅಪ್ಪನ ವೋಲ್ಟ್ ಮೀಟರ್ ತಂದು, ಪಂಪು ಕಾಣುವಂತೆ ಹಿಂದಿನ ಸೀಟು ಎತ್ತಿದಳು. ಪಂಪಿಗೆ ಕರೆಂಟು ಹಾಯಿಸುವ ರಿಲೇ ಸ್ವಿಚ್ಚನ್ನು ಕಿತ್ತು ಆ ಜಾಗಕ್ಕೆ ತುಂಡು ತಂತಿ ಸಿಕ್ಕಿಸಿದಾಗ ಪಂಪು ನೆಗಡಿಯಾದವರಂತೆ ಗೊರಗುಟ್ಟಿತು, ಅಷ್ಟೆ. ಬ್ಯಾಟರಿಯಲ್ಲಿ 12.4 ವೋಲ್ಟ್, ಪಂಪಿನ ಬಳಿ 7.1. ಐದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಕರೆಂಟು ಬರುವ ತಂತಿ ಸರಿಯಾಗಿತ್ತು. ಅದು ಹಿಂತಿರುಗುವ ದಾರಿಯನ್ನು, ಎಂದರೆ ಪಂಪನ್ನು ಕಾರಿನ ಮೈಗೆ ಕೂಡಿಸುವ ಅರ್ತ್ ತಂತಿಯನ್ನು, ಅಳೆದಳು. ಸೊನ್ನೆಯ ಹತ್ತಿರ ಇರಬೇಕಿದ್ದ ಅಂಕಿ 4.9 ಇತ್ತು.

ಆ ತಂತಿಯ ಸ್ಕ್ರೂ ಡಿಕ್ಕಿಯ ಮೂಲೆಯಲ್ಲಿತ್ತು. ಹೊದಿಕೆ ಎತ್ತಿ ನೋಡಿದಳು. ತಳವೆಲ್ಲ ಹೊಸ ಹಸಿರು ಬಣ್ಣ.

*

ಮೂರು ವಾರದ ಹಿಂದಿನ ಭಾನುವಾರ ಅವಳು ಬಂದಾಗ ಅಪ್ಪ ಡಿಕ್ಕಿಯೊಳಗೆ ಅರ್ಧ ಮುಳುಗಿದ್ದರು. ಕೈಯಲ್ಲಿ ಬ್ರಷ್ಷು.

“ತುಕ್ಕು ನನ್ನ ಚೀಲಕ್ಕೆಲ್ಲ ಹತ್ತುತ್ತೆ ಅಂತ ಹತ್ತು ವರ್ಷದಿಂದ ಹೇಳ್ತಿದ್ದೀನಿ, ಇವತ್ತು ಕಿವಿಗೆ ಬಿತ್ತು,” ಎಂದರು ಅಮ್ಮ ಬಾಗಿಲಿಂದ.

“ಮುಗೀತು ಮಹಾರಾಣಿ. ಇನ್ನು ಹಾಲಿನಲ್ಲಿ ತೊಳೆದ ಹಾಗಿರುತ್ತೆ ನಿನ್ನ ಚೀಲ.”

ಮಂಡಿ ಹಿಡಿದುಕೊಂಡು ಎದ್ದವರು ಒಂದೊಂದೇ ಸ್ಕ್ರೂ ಬಿಗಿದರು. ಮಾರನೆಯ ದಿನ ಎದೆನೋವು, ಆಸ್ಪತ್ರೆ. ಕಾರನ್ನು ಆಮೇಲೆ ಯಾರೂ ಮುಟ್ಟಲಿಲ್ಲ.

*

“ಏನಾಗಿದೆಯೇ?” ಅಮ್ಮ ಮುಂದಿನಿಂದಲೇ ಕೂಗಿದರು.

“ಅಪ್ಪ ಬಣ್ಣದ ಮೇಲೇ ಅರ್ತ್ ಕೂರಿಸಿದಾರೆ. ಬಣ್ಣ ಕರೆಂಟನ್ನ ದಾಟೋಕೆ ಬಿಡಲ್ಲ.”

ಮಾವ ಡಿಕ್ಕಿಯೊಳಗೆ ಬಗ್ಗಿ ನೋಡಿದರು. ನಲವತ್ತು ವರ್ಷ ಅಪ್ಪನ ಕಾರ್ ವೈರಿಂಗ್ ಅಂಗಡಿಗೆ ಬಂದ ಎಲ್ಲರೂ ಅವರ ಈ ಬೈಗುಳ ಕೇಳಿದ್ದರು: ಬಣ್ಣದ ಮೇಲೆ ಅರ್ತ್ ಕೂರಿಸಿದೋನ ಕೈ ಮುರೀಬೇಕು.

ಅಮ್ಮ ಸೀಟಿನಲ್ಲೇ ಹಿಂದಕ್ಕೆ ತಿರುಗಿದರು. “ಕೈ ಮುರೀಬೇಕು ಅವರದ್ದು,” ಎಂದರು. ಮರುಕ್ಷಣ ಸೆರಗು ಬಾಯಿಗೆ ಹೋಯಿತು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು.

ಅವಳು ಸ್ಕ್ರೂ ಬಿಚ್ಚಿ, ನಾಣ್ಯದಷ್ಟು ಅಗಲ ಬಣ್ಣವನ್ನು ಬ್ಲೇಡಿನಿಂದ ಕೆರೆದಳು. ಹಸಿರು ಚೂರುಗಳ ಕೆಳಗೆ ತಗಡು ಮಿನುಗಿತು. ಸ್ಕ್ರೂ ಬಿಗಿದಳು. ಪಂಪು ಒಂದೇ ಸಮನೆ ಗುಂಯ್‌ಗುಟ್ಟಿತು.

“ಬಾರೇ, ಹತ್ತು ಗಂಟೆ ಆಯ್ತು!” ಎಂದರು ಮಾವ. ಚಾಲಕ ಹಾರ್ನ್ ಒತ್ತಿದ.

“ಒಂದು ನಿಮಿಷ,” ಎಂದು ಅವಳು ಮೀಟರಿನ ತಂತಿಗಳ ಎರಡೂ ಮೊನೆಗಳನ್ನು ಮತ್ತೆ ಅರ್ತ್‌ಗೆ ಇಟ್ಟಳು.

0.06 ವೋಲ್ಟ್.