ಇಪ್ಪತ್ತೊಂದು ಕಿಲೋಮೀಟರಿನ ಶನಿವಾರ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನಾರು ವರ್ಷದಿಂದ ಗಾಜು ಅರೆಯುತ್ತಿದ್ದವಳನ್ನು ಅಂಗಡಿಯವರೆಲ್ಲ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕನ್ನಡಿಗೆ ಮುಖವೊಡ್ಡಿ ಫ್ರೇಮು ಆರಿಸುತ್ತಿದ್ದರೆ, ಇವಳು ಹಿಂದೆ ಯಂತ್ರದ ಮುಂದೆ ಕೂತು ಆ ಫ್ರೇಮಿಗೆ ಗಾಜು ಕೂರಿಸುತ್ತಿದ್ದಳು. ಅರ್ಧ ಮಿಲಿಮೀಟರು ಹೆಚ್ಚು ಅರೆದರೆ ಗಾಜು ಲೊಡಲೊಡ ಅನ್ನುತ್ತದೆ. ಅರ್ಧ ಮಿಲಿಮೀಟರು ಉಳಿದರೆ ಫ್ರೇಮೇ ಬಿರುಕು ಬಿಡುತ್ತದೆ. ಹಾಗಾಗಿ ಯಾವುದನ್ನೂ ಅಂದಾಜಿಗೆ ಬಿಡುವ ಸ್ವಭಾವ ಅವಳದಾಗಿರಲಿಲ್ಲ.

ಅವಳು ಓಡಲು ಶುರು ಮಾಡಿದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಒಂದು ಬೆಳಿಗ್ಗೆ ಬಸ್ಸಿನ ಹಿಂದೆ ಓಡಿ, ಅದು ತಪ್ಪಿ, ದೀಪದ ಕಂಬ ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದಾಗ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಮುದುಕನೊಬ್ಬ ಕಿಟಕಿಯಿಂದ ಅವಳಿಗೆ ಟಾಟಾ ಮಾಡಿದ. ಆ ಟಾಟಾ ವಾರಗಟ್ಟಲೆ ಅವಳ ತಲೆಯಿಂದ ಇಳಿಯಲಿಲ್ಲ. ಮುಂದಿನ ತಿಂಗಳು ಬೂಟು ಕೊಂಡಳು. ಮೊದಲ ದಿನ ಎರಡು ಬೀದಿ ದಾಟುವಷ್ಟರಲ್ಲಿ ಪಕ್ಕೆ ಹಿಡಿದುಕೊಂಡಿತು. ವರ್ಷ ಕಳೆಯುವಷ್ಟರಲ್ಲಿ ಹತ್ತು ಕಿಲೋಮೀಟರ್ ಓಡುತ್ತಿದ್ದಳು. ಆಮೇಲೆ ದೊಡ್ಡ ಊರಿನ ಅರ್ಧ ಮ್ಯಾರಥಾನಿಗೆ, ಅಂದರೆ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ, ಹೆಸರು ಕೊಟ್ಟು, ಏಳು ತಿಂಗಳು ಬೆಳಗಿನ ಐದಕ್ಕೆ ಎದ್ದು ಬಸ್ ಡಿಪೋದ ಗೋಡೆ ಸುತ್ತಿದಳು. ಕಾಲಿನ ಎರಡು ಉಗುರು ಕಪ್ಪಾಗಿ ಬಿದ್ದುಹೋದವು. ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಪ್ರಯಾಣದ ಲೆಕ್ಕಾಚಾರವನ್ನೂ ಗಾಜಿನ ಅಳತೆಯಂತೆಯೇ ಮಾಡಿದ್ದಳು. ಶನಿವಾರ ಬೆಳಿಗ್ಗೆ ಏಳರ ರೈಲು. ಹನ್ನೊಂದಕ್ಕೆ ಊರು. ಐದರೊಳಗೆ ಕ್ರೀಡಾಂಗಣಕ್ಕೆ ಹೋಗಿ ಗುರುತಿನ ಕಾರ್ಡು ತೋರಿಸಿ, ಎದೆಗೆ ಅಂಟಿಸುವ ನಂಬರು ತೆಗೆದುಕೊಳ್ಳುವುದು. ಆರಕ್ಕೆ ಊಟ, ಎಂಟಕ್ಕೆ ನಿದ್ದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಓಟ. ಮಧ್ಯಾಹ್ನ ನದಿಯಲ್ಲಿ ಒಂದು ಗಂಟೆ ದೋಣಿ. ಸಂಜೆ ರೈಲು. ಇಷ್ಟನ್ನೂ ಅಂಗಡಿಯ ಆರ್ಡರ್ ಚೀಟಿಯೊಂದರ ಹಿಂದೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆ ರಾತ್ರಿ ಊಟಕ್ಕೆ ಕೂತಾಗ ಹೊರಡುವ ದಿನವನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

"ಒಬ್ಬಳೇ ಹೋಗ್ತೀಯಾ? ಅಷ್ಟು ದೊಡ್ಡ ಊರಿಗೆ?" ಎಂದ ಗಂಡ. ಅವನು ಲಿಫ್ಟ್ ರಿಪೇರಿ ಮಾಡುವವನು. ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದರಲ್ಲಿ ಎತ್ತಿದ ಕೈ. "ನಾನೂ ಬರ್ತೀನಿ. ಕೈ ತಟ್ಟೋಕೆ ಒಬ್ಬರಾದ್ರೂ ಬೇಡ್ವಾ?"

ಅವಳಿಗೆ ಖುಷಿಯೇ ಆಯಿತು. ಆ ಖುಷಿ ಎರಡು ದಿನ ಇತ್ತು.

ಮೂರನೆಯ ದಿನ ಅತ್ತೆ ಹೇಳಿದರು, "ನನ್ನ ತಂಗಿ ಅಲ್ಲೇ ಇದ್ದಾಳಲ್ಲ. ನೋಡಿ ನಾಲ್ಕು ವರ್ಷ ಆಯ್ತು. ಹೇಗೂ ಹೋಗ್ತಾ ಇದ್ದೀರಲ್ಲ."

ಐದನೆಯ ದಿನ ನಾದಿನಿಯ ಫೋನು. ಅವಳು ಹೊಸ ಬಾಡಿಗೆ ಮನೆಗೆ ಹೋಗಿ ತಿಂಗಳಾಗಿತ್ತು. ಆಳೆತ್ತರದ ಕಿಟಕಿಗಳು, ಎದುರಿನ ಮನೆಯವರಿಗೆ ಇವಳ ತಟ್ಟೆಯಲ್ಲಿ ಏನಿದೆ ಅನ್ನುವುದೂ ಕಾಣುತ್ತಿತ್ತಂತೆ. "ಅತ್ತಿಗೆ, ಅಲ್ಲಿ ಪರದೆ ಬಟ್ಟೆಯ ದೊಡ್ಡ ಅಂಗಡಿ ಇದೆ. ಹೇಗೂ ಹೋಗ್ತಾ ಇದ್ದೀರಿ, ನಾನೂ ಬಂದ್ಬಿಡ್ತೀನಿ. ನಿಮಗೇನೂ ತೊಂದರೆ ಕೊಡಲ್ಲ."

ಈ 'ಹೇಗೂ' ಅನ್ನುವ ಮಾತು ಕೇಳಿದರೆ ಗಾಜಿನಕ್ಕನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹೇಗೂ ಅಲ್ಲ, ಏಳು ತಿಂಗಳು ಬೆವರು ಸುರಿಸಿ ಹೋಗುತ್ತಿದ್ದೇನೆ ಎನ್ನಬೇಕೆನ್ನಿಸಿತು. ಹೊರಡುವ ವಾರದಲ್ಲಿ ಗಂಡ ಇನ್ನೊಂದು ಸುದ್ದಿ ತಂದ. ಕ್ರೀಡಾಂಗಣದ ಪಕ್ಕದಲ್ಲಿ ಅವಳು ಗೊತ್ತು ಮಾಡಿದ್ದ ಕೋಣೆಯನ್ನು ಬಿಟ್ಟು, ಚಿಕ್ಕಮ್ಮನ ಮನೆಯ ಬಳಿ ಎರಡು ಕೋಣೆ ಹಿಡಿದಿದ್ದ. "ದೂರ ಉಳಿದ್ರೆ ಚಿಕ್ಕಮ್ಮ ಬೇಜಾರು ಮಾಡ್ಕೋತಾರೆ ಕಣೇ. ಟ್ಯಾಕ್ಸಿ ಇದೆಯಲ್ಲ, ಅದೆಷ್ಟೊತ್ತು."

ರೈಲು ಸರಿಯಾದ ಹೊತ್ತಿಗೇ ಮುಟ್ಟಿತು. ಆ ಶನಿವಾರ ಸರಿಯಾಗಿ ನಡೆದದ್ದು ಅದೊಂದೇ. ಹೋಟೆಲಿನವರು ಎಲ್ಲರ ಗುರುತಿನ ಕಾರ್ಡು ಕೇಳಿದರು. ಗಂಡ ನಾಲ್ಕೂ ಕಾರ್ಡು ತೋರಿಸಿ, ಒಟ್ಟಿಗೆ ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಅಲ್ಲಿಂದ ಚಿಕ್ಕಮ್ಮನ ಮನೆ. ಊಟ ಹನ್ನೆರಡೂವರೆಗೆ ಅಂದಿದ್ದವರು ಎರಡಾದರೂ ಒಲೆಯ ಮುಂದೆಯೇ ಇದ್ದರು. ಅಕ್ಕತಂಗಿಯರು ಮೊದಲ ಅರ್ಧ ಗಂಟೆ ಕೈಕೈ ಹಿಡಿದು ಕಣ್ಣೊರೆಸಿಕೊಂಡರು. ಉಳಿದ ಹೊತ್ತು, ಸತ್ತ ಅಮ್ಮನ ಹೊಲಿಗೆ ಯಂತ್ರ ನ್ಯಾಯವಾಗಿ ಯಾರಿಗೆ ಸೇರಬೇಕಿತ್ತು ಅನ್ನುವುದರ ಮೇಲೆ ಕಳೆಯಿತು. ಗಾಜಿನಕ್ಕ ಗಡಿಯಾರ ನೋಡಿದಳು, ಗಂಡನನ್ನು ನೋಡಿದಳು. ಗಂಡ ಕಣ್ಣಲ್ಲೇ 'ಸ್ವಲ್ಪ ತಾಳು' ಅಂದ.

ಮೂರೂವರೆಗೆ ಕ್ರೀಡಾಂಗಣಕ್ಕೆಂದು ಟ್ಯಾಕ್ಸಿ ಹತ್ತಿದರು. ಅತ್ತೆಯೂ ಜೊತೆಗೇ ಬಂದರು. ಇನ್ನರ್ಧ ಗಂಟೆ ಅಲ್ಲಿದ್ದರೆ ತಂಗಿಯ ಜೊತೆ ಮಾತೇ ಬಿಟ್ಟುಹೋಗುತ್ತಿತ್ತು ಎಂದು ಅವರೇ ಹೇಳಿದರು. ದಾರಿಯಲ್ಲಿ ನಾದಿನಿ ಕೂಗಿದಳು, "ಅಣ್ಣಾ, ಇದೇ ಅಂಗಡಿ! ಐದೇ ನಿಮಿಷ. ಇದು ಆರಕ್ಕೆ ಮುಚ್ಚುತ್ತೆ, ನಾಳೆ ಬೆಳಿಗ್ಗೆ ತೆಗೀತಾರೋ ಇಲ್ವೋ."

ಐದು ನಿಮಿಷದಲ್ಲಿ ಹದಿನೆಂಟು ಥಾನು ಬಟ್ಟೆ ಬಿಚ್ಚಿದ್ದಾಯಿತು. ಗಂಡ ಒಂದು ಬಟ್ಟೆಯ ತುದಿ ಹಿಡಿದು ಪರದೆಯ ಸರಳಿನಂತೆ ಕೈ ಚಾಚಿ ನಿಂತ. ಅತ್ತೆಗೆ ಕುರ್ಚಿ ಬಂತು. ಅಂಗಡಿಯವನು ನೀಲಿ ಬಟ್ಟೆಯನ್ನು ಬೆಳಕಿಗೆ ಹಿಡಿದ, ನಾದಿನಿ ಬೂದು ಕೇಳಿದಳು.

"ರೀ, ನಾಲ್ಕು ಗಂಟೆ."

"ಆಯ್ತು ಆಯ್ತು, ಇದೊಂದು ಕತ್ತರಿಸಿದ್ರೆ ಮುಗೀತು."

"ಅತ್ತಿಗೆ, ನಿಮ್ಮ ಕಣ್ಣು ಚೆನ್ನಾಗಿದೆ, ನೀವೇ ಹೇಳಿ. ನೀಲಿನಾ, ಬೂದುನಾ?"

ಗಾಜಿನಕ್ಕನಿಗೆ ಕಿವಿಯ ತನಕ ಬಿಸಿ ಏರಿತು. ಅಂಗಡಿಯ ಮೆಟ್ಟಿಲಿನ ಮೇಲೆ ಕೂತು, ಚೀಲದಿಂದ ಓಟದ ಬೂಟು ತೆಗೆದು ಹಾಕಿಕೊಂಡು, ಚಪ್ಪಲಿಯನ್ನು ಚೀಲಕ್ಕೆ ತುರುಕಿದಳು. ರಸ್ತೆಯಲ್ಲಿ ಗಾಡಿಗಳು ಒಂದರ ಬಾಲಕ್ಕೊಂದು ಅಂಟಿ ನಿಂತಿದ್ದವು. ಟ್ಯಾಕ್ಸಿ ಹಿಡಿದರೆ ಅದರೊಳಗೇ ಐದಾಗುತ್ತಿತ್ತು. ಕ್ರೀಡಾಂಗಣಕ್ಕೆ ಐದು ಕಿಲೋಮೀಟರು ಎಂದು ಫೋನು ತೋರಿಸಿತು. ಓಡಿದಳು.

ಓಟದ ಹಿಂದಿನ ದಿನ ಕಾಲಿಗೆ ಪೂರ್ತಿ ಬಿಡುವು ಕೊಡಬೇಕು ಎಂದು ಅವಳು ಓದಿದ್ದ ಪ್ರತಿಯೊಂದು ಕಡೆಯೂ ಬರೆದಿತ್ತು. ಹೆಗಲ ಚೀಲ ಸೊಂಟಕ್ಕೆ ಬಡಿಯುತ್ತಿತ್ತು. ಶನಿವಾರದ ಗುಂಪು ಕಾಲುದಾರಿಯ ತುಂಬ ತೆವಳುತ್ತಿತ್ತು. "ಯಾರನ್ನಾದ್ರೂ ಹಿಡೀಬೇಕಾ ಅಕ್ಕಾ?" ಎಂದು ಪೇಪರ್ ಮಾರುವವನು ಕೂಗಿದ.

ನಾಲ್ಕು ನಲವತ್ತೈದಕ್ಕೆ ಕ್ರೀಡಾಂಗಣ ಮುಟ್ಟಿದಳು. ಸಾಲಿನಲ್ಲಿ ಎಂಟು ಜನ. ಅವಳ ಸರದಿ ಬಂದಾಗ ಐದಕ್ಕೆ ಏಳು ನಿಮಿಷ ಇತ್ತು. ಮೇಜಿನ ಹಿಂದಿನ ಹುಡುಗಿ ಪಟ್ಟಿಯಲ್ಲಿ ಹೆಸರು ಹುಡುಕಿ, ಡಬ್ಬದಿಂದ ಲಕೋಟೆ ತೆಗೆದು, "ಕಾರ್ಡ್ ಮೇಡಂ" ಎಂದಳು.

ಗಾಜಿನಕ್ಕ ಚೀಲಕ್ಕೆ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಗಂಡನ ಅಂಗಿಯ ಜೇಬು ಕಣ್ಣ ಮುಂದೆ ಬಂತು.

"ಫೋಟೋ ಇದೆ ಫೋನಲ್ಲಿ. ನೋಡಿ, ನಾನೇ."

"ಮೂಲ ಕಾರ್ಡ್ ಬೇಕು ಮೇಡಂ."

"ಅದು ನನ್ನ ಲಕೋಟೆ. ನನ್ನ ಹೆಸರು ಬರೆದಿದೆ. ಇಲ್ಲಿಂದ್ಲೇ ಕಾಣ್ತಾ ಇದೆ."

"ನನಗೂ ಕಾಣ್ತಾ ಇದೆ ಮೇಡಂ. ಕೊಡೋ ಹಾಗಿಲ್ಲ." ಹುಡುಗಿ ಸಿಡುಕಲಿಲ್ಲ, ಬೆಳಗಿನಿಂದ ಇದೇ ಮಾತನ್ನು ಹೇಳಿ ಹೇಳಿ ಅವಳ ದನಿ ಸವೆದುಹೋಗಿತ್ತು.

ಗಂಡನಿಗೆ ಐದು ಸಲ ಫೋನು ಮಾಡಿದಳು. ಎತ್ತಲಿಲ್ಲ. ನಾದಿನಿಗೆ ಮಾಡಿದಾಗ ಮೊದಲ ರಿಂಗಿಗೇ ಎತ್ತಿದಳು.

"ಅತ್ತಿಗೆ! ಎಲ್ಲಿ ಹೋದ್ರಿ? ಬೂದುನೇ ತಗೊಂಡೆ."

"ನಿಮ್ಮ ಅಣ್ಣನ ಕೈಗೆ ಫೋನ್ ಕೊಡು."

ಗಂಡ ಬಂದಾಗ ಐದೂವರೆ. ಮೇಜುಗಳನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಡಬ್ಬಗಳಿಗೆ ಟೇಪು ಸುತ್ತಿ ಒಯ್ದಾಗಿತ್ತು. ನಾಳೆ ಬೆಳಿಗ್ಗೆ ಕೊಡುವ ಪದ್ಧತಿ ಇಲ್ಲ ಎಂದು ಹುಡುಗಿ ಎರಡು ಸಲ ಹೇಳಿ ಹೋಗಿದ್ದಳು. ಅವನು ಕಾವಲುಗಾರನ ಹತ್ತಿರ ಕೈ ಮುಗಿದು ಮಾತಾಡಿದ, ಒಳಗೆ ಇಣುಕಿದ, ಯಾರದೋ ನಂಬರು ಹಚ್ಚಿ ಕಿವಿಗಿಟ್ಟುಕೊಂಡ. ಏನೂ ಆಗಲಿಲ್ಲ. ಕೊನೆಗೆ ಅವಳ ಪಕ್ಕದಲ್ಲಿ ಬಂದು ಕೂತ.

"ಕಾರ್ಡ್ ಕೇಳ್ತಾರೆ ಅಂತ ನೀನೊಂದು ಮಾತು ಹೇಳ್ಬಾರ್ದಿತ್ತಾ?"

"ಬರೆದಿದ್ದೆ. ಚೀಟಿಯ ಮೂರನೇ ಸಾಲು."

"ಯಾವ ಚೀಟಿ?"

ಗಾಜಿನಕ್ಕ ಅವನ ಮುಖವನ್ನೇ ನೋಡಿದಳು. ಮೂರು ವಾರ ಅವನು ದಿನಕ್ಕೆ ಹತ್ತು ಸಲ ಆ ಫ್ರಿಜ್ಜಿನ ಬಾಗಿಲು ತೆಗೆದಿದ್ದ. ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡಳು. "ಏಳಿ, ಹೋಗೋಣ" ಅಂದಳು ಅಷ್ಟೇ. ಟ್ಯಾಕ್ಸಿಯಲ್ಲಿ ಅವನು ಮೂರು ಸಲ "ತಪ್ಪಾಯ್ತು" ಎಂದ. ಮೂರನೆಯದರ ಜೊತೆ "ನಾನೇನು ಬೇಕು ಅಂತ ಮಾಡಿದ್ನಾ" ಅನ್ನುವುದನ್ನೂ ಸೇರಿಸಿದ. ಆ ಸೇರ್ಪಡೆಯಿಂದ ಮೊದಲಿನ ಎರಡೂ ದಂಡವಾದವು.

ಭಾನುವಾರ ಬೆಳಿಗ್ಗೆ ಅಲಾರಂ ಇಲ್ಲದೆಯೇ ಎಚ್ಚರವಾಯಿತು. ಅತ್ತೆ ಅದೇ ಕೋಣೆಯಲ್ಲಿದ್ದರು. ಗಂಡನನ್ನು ಅವನ ತಂಗಿಯ ಕೋಣೆಯ ಸೋಫಾಕ್ಕೆ ಗಾಜಿನಕ್ಕನೇ ಅಟ್ಟಿದ್ದಳು. ಬೂಟಿನ ದಾರ ಕಟ್ಟುತ್ತಿದ್ದಾಗ ಅತ್ತೆ ಹೊದಿಕೆಯೊಳಗಿಂದಲೇ ಕೇಳಿದರು, "ಹೊರಟ್ಯಾ? ನಂಬರು ಸಿಗಲಿಲ್ಲ ಅಂದ್ಯಲ್ಲ."

"ಸಿಗಲಿಲ್ಲ."

"ಓಡೋಕೆ ನಂಬರು ಯಾಕೆ? ಕಾಲಿದ್ರೆ ಸಾಲದಾ?"

"ಅದು ಹಾಗಲ್ಲ ಅತ್ತೆ," ಎಂದಳು ಸಿಟ್ಟಿನಿಂದಲೇ. ಅದು ಹಾಗೆ ಅಲ್ಲವೇ ಅಲ್ಲ. ಆದರೆ ಮಂಚದ ಮೇಲೆ ಕೂತಿರುವುದೂ ಅವಳಿಂದ ಆಗುತ್ತಿರಲಿಲ್ಲ.

ಹೋಟೆಲಿನಿಂದ ನದಿಯ ದಂಡೆಗೆ ಹೋಗಿ, ಕೈಗಡಿಯಾರದ ಗುಂಡಿ ಒತ್ತಿ ಓಡತೊಡಗಿದಳು. ಆರನೆಯ ಕಿಲೋಮೀಟರಿನಲ್ಲಿ ಆಚೆ ದಂಡೆಯ ಮೇಲೆ ಓಟ ಕಾಣಿಸಿತು. ಸಾವಿರಾರು ಜನ, ಬಣ್ಣಬಣ್ಣದ ಅಂಗಿಗಳು, ಧ್ವನಿವರ್ಧಕ, ಡೋಲು. ಬೇಲಿಯ ಪಕ್ಕ ನಿಂತವರು ಗುರುತಿಲ್ಲದವರಿಗೂ ಚಪ್ಪಾಳೆ ತಟ್ಟುತ್ತಿದ್ದರು. ಈಚೆ ದಂಡೆಯಲ್ಲಿ ಅವಳು ಮತ್ತು ನಾಯಿ ತಿರುಗಿಸಲು ಬಂದ ಮುದುಕಿ. ಹೊಟ್ಟೆಕಿಚ್ಚಿನಿಂದ ಅವಳ ಹೆಜ್ಜೆ ಎರಡು ಕಿಲೋಮೀಟರ್ ಜೋರಾಯಿತು. ಅದರ ಫಲವನ್ನು ಆಮೇಲೆ ಉಂಡಳು. ಹದಿನೈದರ ಹೊತ್ತಿಗೆ ನಿನ್ನೆಯ ಐದು ಕಿಲೋಮೀಟರು ತೊಡೆಯಲ್ಲಿ ಕಲ್ಲಾಗಿ ಕೂತವು. ಬೂದು ಪರದೆ, ಹೊಲಿಗೆ ಯಂತ್ರ, ಅಂಗಿಯ ಜೇಬು, ಒಂದೊಂದನ್ನೂ ಬೈಯುತ್ತಾ ಒಂದೊಂದು ಕಿಲೋಮೀಟರು ಮುಗಿಸಿದಳು. ಹದಿನೆಂಟರಲ್ಲಿ ಬೈಯಲೂ ಉಸಿರು ಸಾಲದೆ ಸುಮ್ಮನೆ ಓಡಿದಳು.

ಇಪ್ಪತ್ತೊಂದು ಮುಗಿದು ಮೇಲೆ ನೂರು ಮೀಟರಾದಾಗ ಅವಳು ಒಂದು ಲಾಂಡ್ರಿಯ ಮುಂದಿದ್ದಳು. ತಗುಲಿದ್ದು ಎರಡು ಗಂಟೆ ಮೂವತ್ತಾರು ನಿಮಿಷ. ಅಂಗಡಿಯವನು ಶಟರು ಎತ್ತುತ್ತಿದ್ದ. ಯಾರಿಗಾದರೂ ಹೇಳಲೇಬೇಕು ಅನ್ನಿಸಿತು.

"ಇಪ್ಪತ್ತೊಂದು ಕಿಲೋಮೀಟರ್ ಓಡಿದೆ," ಎಂದಳು ಮಂಡಿಯ ಮೇಲೆ ಕೈಯೂರಿ.

ಅವನು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಯಾಕೆ?" ಎಂದ.

ಗಾಜಿನಕ್ಕನಿಗೆ ನಗು ಬಂತು. ನಗಲು ಹೋದರೆ ಪಕ್ಕೆ ಹಿಡಿಯಿತು. ಅವನು ಒಳಗಿನಿಂದ ಸ್ಟೂಲು ಮತ್ತು ಒಂದು ಲೋಟ ನೀರು ತಂದುಕೊಟ್ಟು ತನ್ನ ಕೆಲಸಕ್ಕೆ ಹೋದ.

ಹೋಟೆಲಿನ ತಿಂಡಿಯ ಕೋಣೆಯಲ್ಲಿ ಮೂವರೂ ಇದ್ದರು. ಗಂಡ ಎದ್ದು ಕುರ್ಚಿ ಎಳೆದ.

"ಬೇಗ ರೆಡಿಯಾಗಿ ಅತ್ತಿಗೆ," ಎಂದಳು ನಾದಿನಿ. "ಹಗಲು ಬೆಳಕಲ್ಲಿ ನೋಡಿದ್ರೆ ಬೂದು ಯಾಕೋ ಮಂಕಾಗಿದೆ. ಅಂಗಡಿ ತೆಗ್ದಿದ್ರೆ ಬದಲಾಯಿಸ್ಕೊಂಡು, ಹಾಗೇ ಚಿಕ್ಕಮ್ಮನ ಮನೆಗೆ…"

"ನಾನು ಎಲ್ಲಿಗೂ ಬರಲ್ಲ."

ಅವಳು ದನಿ ಏರಿಸಿರಲಿಲ್ಲ. ಆದರೂ ಪಕ್ಕದ ಮೇಜಿನವರು ತಿರುಗಿ ನೋಡಿದರು. ಮೂರು ಬಾಳೆಹಣ್ಣು ತಿಂದು, ಕೋಣೆಗೆ ಹೋಗಿ ಮಧ್ಯಾಹ್ನ ಒಂದರವರೆಗೆ ಮಲಗಿದಳು. ಎದ್ದು ನದಿಗೆ ಹೋದಳು. ದೋಣಿಯ ತನಕ ಬರಲಾ ಎಂದು ಕೇಳಿದ ಗಂಡನಿಗೆ ಬೇಡ ಎಂದಳು. ದೋಣಿಯಲ್ಲಿ ಎದುರು ಕೂತಿದ್ದ ಇಬ್ಬರ ಕೊರಳಲ್ಲಿ ಪದಕವಿತ್ತು. ಒಂದು ಗಂಟೆಯೂ ಅವಳು ಆ ಕಡೆ ನೋಡದೆ ನೀರನ್ನೇ ನೋಡಿದಳು.

ಊರಿಗೆ ಬಂದ ಮೇಲೆ ಎಂಟು ದಿನ ಮನೆಯಲ್ಲಿ ಮಾತು ಲೆಕ್ಕದಲ್ಲಿತ್ತು. ಒಂಬತ್ತನೆಯ ದಿನ ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ, ಹನ್ನೊಂದು ವಾರದ ನಂತರದ ಇನ್ನೊಂದು ಊರಿನ ಓಟಕ್ಕೆ ಹೆಸರು ಕೊಟ್ಟಳು. ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದಳು, "ಮತ್ತೊಂದು ಓಟ ಇದೆ. ಒಬ್ಬಳೇ ಹೋಗ್ತೀನಿ. ಯಾರೂ ಬರಬೇಡಿ."

ಗಂಡ ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದ. "ಸ್ಟೇಷನ್ ತನಕ ಬಿಡೋಕೆ ಬರಲಾ?"

"ನಮ್ಮ ಮನೆ ಗೇಟಿನ ತನಕ ಬನ್ನಿ."

"ಆ ಊರಲ್ಲಿ ನಮ್ಮವರು ಯಾರೂ ಇಲ್ಲ ತಾನೇ?" ಎಂದು ಅತ್ತೆ ವಿಚಾರಿಸಿದರು. ಇಲ್ಲ ಎಂದಾಗ, "ಒಳ್ಳೇದಾಯ್ತು, ನೆಮ್ಮದಿಯಾಗಿ ಓಡಿ ಬಾ" ಎಂದು ನೀರಿನ ಲೋಟ ಎತ್ತಿಕೊಂಡರು.