ಹುಟ್ಟುಕಿವುಡ

"ಲೇ ಕಿವುಡ ನನ್ಮಗನೆ! ಮಗ್ಗ ನಿಲ್ಲಿಸು ನಿಲ್ಲಿಸು ಅಂತ ಗಂಟಲು ಹರ್ಕೊಂಡ್ರೂ ನಿಲ್ಲಿಸ್ಲಿಲ್ಲವಲ್ಲೋ! ಅರ್ಧ ಥಾನು ಬಟ್ಟೆ ಹಾಳಾಯ್ತು. ಕಿವಿಯೊಳಗೆ ಏನು ಸಗಣಿ ತುಂಬ್ಕೊಂಡಿದೀಯಾ?"

ತನ್ನ ಬೈಗುಳ ಎಲ್ಲರಿಗೂ ಕೇಳಲಿ ಅಂತ ಮೇಸ್ತ್ರಿ ಮಗ್ಗದ ಶೆಡ್ಡಿನ ಕರೆಂಟನ್ನೇ ತೆಗೆಸಿದ್ದ.

"ತುಂಬಿರೋದು ನಿನ್ನ ಮಗ್ಗದ ಸದ್ದು ಕಣೋ!" ಮುದುಕ ಬೀದಿಗೆಲ್ಲ ಕೇಳುವಂತೆ ಕೂಗಿದ. ತನ್ನ ದನಿ ಎಷ್ಟು ಜೋರು ಅನ್ನುವುದು ಅವನಿಗೆ ತಿಳಿಯುತ್ತಿರಲಿಲ್ಲ. "ಕೆಲಸಕ್ಕೆ ಬಂದಾಗ ಸೊಳ್ಳೆ ಹಾರಿದ್ರೂ ಕೇಳೋದು. ದೊಡ್ಡಾಸ್ಪತ್ರೆಗೆ ಚೀಟಿ ಬರೆಸ್ಕೊಡು, ಕಿವಿಗೆ ಮಿಷನ್ ಹಾಕಿಸ್ಕೊಡು. ಭಿಕ್ಷೆ ಕೇಳ್ತಿಲ್ಲ, ಬೋಳಿಮಗನೆ!"

ಶೆಡ್ಡಿನವರು ಗೊಳ್ಳೆಂದು ನಕ್ಕರು. ಪಕ್ಕದ ಮಗ್ಗದ ಮುಂದಿದ್ದ ಅವನ ಮಗಳು, ಇವನು ಯಾರೋ ಏನೋ ಎನ್ನುವ ಹಾಗೆ ತಲೆ ಬಗ್ಗಿಸಿ, ಕಡಿಯದ ಎಳೆಯನ್ನೇ ಗಂಟು ಹಾಕುತ್ತ ನಿಂತಳು.

ಮಗ್ಗ ಓಡುವಾಗ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸದು. ತುಟಿ ಆಡಿಸಿಯೇ ಎಲ್ಲರ ಮಾತುಕತೆ. ಅವಳಿಗೆ ಅದನ್ನು ಕಲಿಸಿದವನು ಅಪ್ಪನೇ. ಮೇಸ್ತ್ರಿ ಹೊಟ್ಟೆ ಹೊತ್ತು ಹಾದುಹೋದಾಗ, "ನೋಡೇ, ತುಂಬಿದ ಬಸುರಿ ಹೊರಟ್ಳು" ಅಂತ ತುಟಿಯಲ್ಲೇ ಹೇಳಿ ನಗಿಸುತ್ತಿದ್ದ.

ಮಿಲ್ಲಿನ ಡಾಕ್ಟರು ಚೀಟಿ ಕೊಡದೆ ದೊಡ್ಡಾಸ್ಪತ್ರೆಯವರು ಕಿವಿ ಮುಟ್ಟುತ್ತಿರಲಿಲ್ಲ. ಕೆಲಸದಿಂದ ಕೆಟ್ಟದ್ದು ಅಂತ ಅದರಲ್ಲಿ ಬರೆದರೆ ಮಿಷನ್ನಿನ ಖರ್ಚು ಮಿಲ್ಲಿನ ತಲೆಗೆ. ಮಾರನೆಯ ದಿನ ಅಪ್ಪನ ಜೊತೆ ಅವಳು ಡಾಕ್ಟರ ಕೋಣೆಗೆ ಮೆಟ್ಟಿಲು ಹತ್ತುವಾಗ ಮೇಸ್ತ್ರಿ ಅವಳ ಬೆನ್ನಿಗೆ ಬಿದ್ದ: "ಹುಟ್ಟಿನಿಂದ್ಲೇ ಹಿಂಗೆ ಅಂತ ಹೇಳಮ್ಮ. ಇಲ್ಲಾಂದ್ರೆ ನಾಳೆಯಿಂದ ಅಪ್ಪ ಮಗಳು ಇಬ್ರೂ ಮನೇಲಿ ಕೂತು ತುಟಿ ಆಡಿಸ್ಕೊಂಡಿರಿ."

ಡಾಕ್ಟರು ಮುದುಕನ ಮುಖವನ್ನೂ ನೋಡಲಿಲ್ಲ, ಕಿವಿಯನ್ನೂ ನೋಡಲಿಲ್ಲ. ಅವಳನ್ನು ಕೇಳಿದರು: "ಯಾವಾಗಿಂದ ಇವನಿಗೆ?"

ಅಪ್ಪ ಒಗೆದ ಅಂಗಿ ತೊಟ್ಟು, ಶಾಲೆಗೆ ಸೇರಿಸಲು ತಂದ ಮಗುವಿನ ಹಾಗೆ, ಸ್ಟೂಲಿನ ತುದಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದ. ಅವಳು ದನಿ ತಗ್ಗಿಸಿದಳು.

"ಹುಟ್ಟುಕಿವುಡ, ಸಾರ್."

ಅಪ್ಪನಿಗೆ ಕೇಳಿಸಬಾರದು ಅಂತ ದನಿಯನ್ನೇನೋ ತಗ್ಗಿಸಿದ್ದಳು. ತುಟಿ ಮರೆ ಮಾಡಿಕೊಳ್ಳಬೇಕೆಂದು ಹೊಳೆಯಲಿಲ್ಲ.

ಅಪ್ಪ ಎದ್ದ. ಈ ಸಲ ಕೂಗಲಿಲ್ಲ. ಸದ್ದಿಲ್ಲದೆ, ಅವಳೊಬ್ಬಳಿಗೇ ತಿಳಿಯುವಂತೆ ತುಟಿ ಆಡಿಸಿದ: "ನಿಮ್ಮಮ್ಮ ರಾತ್ರಿ ಪಾಳಿಗೆ ಹೋದಾಗ, ನೀನು ಅತ್ತದ್ದು ಕೇಳಿ ಎದ್ದು ಬರ್ತಿದ್ದೋನು ಯಾರೇ?"

"ಏನಂತೆ?" ಎಂದರು ಡಾಕ್ಟರು, ಬರೆಯುತ್ತಲೇ.

"ಏನಿಲ್ಲ ಸಾರ್."

ಮೇಸ್ತ್ರಿ ಅವಳ ಕೈಗೆ ಚೀಟಿ ತುರುಕುವಷ್ಟರಲ್ಲಿ ಅಪ್ಪ ಮೆಟ್ಟಿಲಿಳಿದಿದ್ದ. ಅವಳು ಬೀದಿಗೆ ಓಡಿಬಂದು "ಅಪ್ಪಾ!" ಎಂದು ಎದೆ ಬಿರಿಯುವಂತೆ ಕೂಗಿದಳು. ಹಣ್ಣಿನ ಗಾಡಿಯವಳು ತಿರುಗಿದಳು. ಸೈಕಲ್ಲಿನವನೊಬ್ಬ ಕಾಲೂರಿ ತಿರುಗಿದ. ಅವಳ ಮಾತು ಅಪ್ಪನಿಗೆ ಮುಟ್ಟಬೇಕಾದರೆ ಅವನು ತಿರುಗಿ ಅವಳ ಮುಖ ನೋಡಬೇಕಿತ್ತು. ಅದು ಅವನಿಗೂ ಗೊತ್ತಿತ್ತು.

ತಿರುಗಲಿಲ್ಲ. ಅವತ್ತು ಮನೆಗೂ ಬರಲಿಲ್ಲ. ಆಮೇಲೂ ಬರಲಿಲ್ಲ.